ಕಪ್ಪು ದ್ರಾಕ್ಷಿ, ಬಿಳಿ ವೈನ್

ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬೆರಳುಗಳ ನಡುವೆ ಒತ್ತಿದರೆ ಕಡುನೇರಳೆ ಸಿಪ್ಪೆ ಕೈಯಲ್ಲೇ ಉಳಿದು, ತಿಳಿಹಸಿರು ತಿರುಳು ಹೊರಗೆ ಜಾರುತ್ತದೆ. ಬಣ್ಣವಿರುವುದು ಸಿಪ್ಪೆಯಲ್ಲಿ. ರಸ ಸಿಪ್ಪೆಯ ಜೊತೆ ದಿನಗಟ್ಟಲೆ ಹುದುಗಿದರೆ ಕೆಂಪು ವೈನ್. ಸಿಪ್ಪೆಯನ್ನು ಕೂಡಲೇ ಬೇರ್ಪಡಿಸಿದರೆ ಕಪ್ಪು ಹಣ್ಣಿನಿಂದಲೂ ಬಿಳಿ ವೈನ್. ಫ್ರಾನ್ಸಿನ ಶಾಂಪೇನ್ ಸೀಮೆ ಮುನ್ನೂರು ವರ್ಷಗಳಿಂದ ಇದನ್ನೇ ನಂಬಿ ಬದುಕಿದೆ. ಅಲ್ಲಿ ಇದರ ಹೆಸರು ‘ಬ್ಲಾಂ ದ ನ್ವಾರ್’, ಎಂದರೆ ಕಪ್ಪಿನಿಂದ ಬಂದ ಬಿಳಿ.

ಹೇಳಿದಷ್ಟು ಸುಲಭದ ಕೆಲಸ ಇದಲ್ಲ. ಹಣ್ಣು ದಾರಿಯಲ್ಲಿ ಒಡೆದರೆ ಸಾಕು, ರಸ ಗುಲಾಬಿಗೆ ತಿರುಗುತ್ತದೆ. 1668ರಿಂದ 1715ರವರೆಗೆ ಓವಿಲೇರ್ ಮಠದ ಉಗ್ರಾಣ ನೋಡಿಕೊಂಡ ಪಾದ್ರಿ ದೋಂ ಪೆರಿನ್ಯೋನ್ ನೊರೆಯುಕ್ಕುವ ಶಾಂಪೇನನ್ನು ಕಂಡುಹಿಡಿದರೆಂಬುದು ಬರೀ ದಂತಕಥೆ. ಅವರ ನಿಜವಾದ ಹೆಸರುವಾಸಿ ಪಿನೊ ನ್ವಾರ್ ಎಂಬ ಕಪ್ಪು ದ್ರಾಕ್ಷಿಯಿಂದ ತಿಳಿಯಾದ ಬಿಳಿ ವೈನ್ ತೆಗೆಯುವುದರಲ್ಲಿತ್ತು. ತಂಪು ಹೊತ್ತಿನಲ್ಲೇ ಕೊಯ್ಯಬೇಕು, ಗೊಂಚಲು ಜಜ್ಜಬಾರದು, ಗಾಣ ತೋಟಕ್ಕೆ ಹತ್ತಿರವಿರಬೇಕು ಎಂಬವು ಆ ಕಾಲದ ಕಟ್ಟುಪಾಡುಗಳು. ಇಂದಿಗೂ ಶಾಂಪೇನ್‌ನಲ್ಲಿ ಕೊಯ್ಲು ಕೈಯಿಂದಲೇ, ಇಡೀ ಗೊಂಚಲಾಗಿಯೇ ಆಗಬೇಕು. 4000 ಕಿಲೋ ಹಣ್ಣಿನಿಂದ 2550 ಲೀಟರಿಗಿಂತ ಹೆಚ್ಚು ರಸ ಹಿಂಡುವಂತಿಲ್ಲ.

ಈ ಪರಂಪರೆಗೆ ಮೃತ್ಯುವಿನಂತೆ ಎದುರಾದದ್ದು ಕಣ್ಣಿಗೆ ಬೀಳದಷ್ಟು ಸಣ್ಣ ಕೀಟ. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನು ಬಳ್ಳಿಯ ಬೇರನ್ನೇ ಹೀರುತ್ತ 1860ರ ದಶಕದಿಂದ ಫ್ರಾನ್ಸಿನ ತೋಟಗಳನ್ನು ಒಣಗಿಸಿತು. 1890ರ ದಶಕದಲ್ಲಿ ಶಾಂಪೇನ್‌ಗೂ ಹಬ್ಬಿತು. ಮದ್ದೂ ಅಮೆರಿಕದಿಂದಲೇ ಬಂತು: ಕೀಟವನ್ನು ತಾಳಿಕೊಳ್ಳುವ ಅಲ್ಲಿನ ಬಳ್ಳಿಯ ಬೇರಿಗೆ ಫ್ರೆಂಚ್ ದ್ರಾಕ್ಷಿಯ ಕಸಿ. ಅಂದಿನಿಂದ ಫ್ರೆಂಚ್ ದ್ರಾಕ್ಷಿ ಬಹುಪಾಲು ಪರದೇಶದ ಬೇರಿನ ಮೇಲೆ ನಿಂತಿದೆ.

ಆಯಿ ಎಂಬ ಊರಿನ ಬೊಲಿಂಜರ್ ಮನೆತನದ ಕೈಯಲ್ಲಿ ಕೆಲವು ತುಂಡು ನೆಲ ಕಸಿಯಿಲ್ಲದೆ ಉಳಿದವು. 1829ರಲ್ಲಿ ಆರಂಭವಾದ ಈ ಮನೆತನದ ಯಜಮಾನ ಜಾಕ್ 1941ರಲ್ಲಿ ತೀರಿಕೊಂಡಾಗ, ಜರ್ಮನ್ ಸೇನೆ ಊರಿನಲ್ಲಿತ್ತು. ಹೊಣೆ ಹೊತ್ತವರು ಮಕ್ಕಳಿಲ್ಲದ ಪತ್ನಿ ಲಿಲಿ. ಸೈಕಲ್ ಏರಿ ತೋಟ ಸುತ್ತುತ್ತ ಅವರು 1971ರವರೆಗೆ ವ್ಯವಹಾರ ನಡೆಸಿದರು. ಹಳೆಯ ಬಳ್ಳಿಗಳ ಹಣ್ಣನ್ನು ಬೇರೆಯವುಗಳ ಜೊತೆ ಬೆರೆಸದೆ ಪ್ರತ್ಯೇಕ ವೈನ್ ಮಾಡಬಾರದೇಕೆ ಎಂದು ಇಂಗ್ಲಿಷ್ ಲೇಖಕ ಸಿರಿಲ್ ರೇ ಸೂಚಿಸಿದರು. ಲಿಲಿಗೆ 70 ತುಂಬಿದ 1969ರ ಕೊಯ್ಲಿನಿಂದ ಅದು ಮೊದಲ ಬಾರಿಗೆ ಬಂತು. ‘ವಿಯೇ ವೀನ್ಯ್ ಫ್ರಾಂಸೇಸ್’, ಹಳೆಯ ಫ್ರೆಂಚ್ ಬಳ್ಳಿಗಳು: ಪಿನೊ ನ್ವಾರ್ ಒಂದರಿಂದಲೇ ಮಾಡಿದ ಬಿಳಿ ಶಾಂಪೇನ್.

ಈ ತುಂಡುಗಳಲ್ಲಿ ಬಳ್ಳಿಗಳಿಗೆ ಸಾಲೆಂಬುದಿಲ್ಲ. ನಮ್ಮಲ್ಲಿ ಮಲ್ಲಿಗೆಯ ರೆಂಬೆಯನ್ನು ಬಗ್ಗಿಸಿ, ಮಣ್ಣು ಮುಚ್ಚಿ ಬೇರು ಬರಿಸುವ ಹಾಗೆಯೇ ಅಲ್ಲಿ ಬಳ್ಳಿಯನ್ನು ಹೂಳಿ ಹೊಸ ಗಿಡ ಎಬ್ಬಿಸುತ್ತಾರೆ. ನೂರು ವರ್ಷದ ಬಳ್ಳಿಯನ್ನು ಹುಡುಕಿದರೆ ಸಿಗಲಾರದು. ನೆಲದಡಿ ಹರಿದುಬಂದ ವಂಶ ಮಾತ್ರ ಹಳೆಯದು. ಗಿಡಗಳು ಒತ್ತೊತ್ತಾಗಿ ಹರಡಿರುವುದರಿಂದ ಟ್ರ್ಯಾಕ್ಟರ್ ಒಳಹೋಗಲಾರದು, ಕೆಲಸವೆಲ್ಲ ಕೈಯದೇ. ವೈನ್ ಕೂಡ ಒಳ್ಳೆಯ ವರ್ಷಗಳಲ್ಲಷ್ಟೇ, ಕೆಲವೇ ಸಾವಿರ ಬಾಟಲಿ.

ಉಳಿದದ್ದು ಗೆದ್ದದ್ದಲ್ಲ. ಮೊದಲಿದ್ದ ಮೂರು ತುಂಡುಗಳಲ್ಲಿ ಬೂಜಿ ಎಂಬ ಊರಿನದು ಈ ಶತಮಾನದ ಮೊದಲ ದಶಕದಲ್ಲಿ ಫಿಲಾಕ್ಸೆರಾಕ್ಕೆ ಬಲಿಯಾಯಿತು. ಆಯಿಯ ಎರಡು ಸೇರಿಸಿದರೂ ಒಂದು ಎಕರೆ ತುಂಬುವುದಿಲ್ಲ. ಕಸಿ ಮಾಡಿದ ಗಿಡ ನೆಟ್ಟರೆ ಆ ನೆಲ ಸುರಕ್ಷಿತ, ಇಳುವರಿಯೂ ಹೆಚ್ಚು. ಮನೆತನ ಹಾಗೆ ಮಾಡಿಲ್ಲ. ಪ್ರತಿ ವರ್ಷ ರೆಂಬೆಯನ್ನು ಬಗ್ಗಿಸಿ, ಕೀಟವಿರಬಹುದಾದ ಅದೇ ಮಣ್ಣಿಗೆ ಒಪ್ಪಿಸುತ್ತದೆ. ಆ ಬಿಳಿ ವೈನಿನ ಬೆಲೆಯಲ್ಲಿ ಈ ಅಪಾಯದ ಪಾಲೂ ಸೇರಿದೆ.