ಮರವನ್ನೂಡುವ ಕೈ

ಬಡಗಿಯು ಕೀಸುಳಿಯನ್ನು ನಡೆಸುವಾಗ ಮರವು ನಿಶ್ಚಲವಾಗಿದ್ದು ಅಲಗು ಚಲಿಸುವುದರಿಂದಲೂ, ಅವನ ಎರಡು ಕೈಗಳೂ ಕೀಸುಳಿಯ ಮೇಲೆಯೇ ಸುರಕ್ಷಿತವಾಗಿರುವುದರಿಂದಲೂ, ಆ ಕೆಲಸದಲ್ಲಿ ಬೆರಳಿಗೆ ಅಪಾಯವು ಅಲ್ಪವೆಂದೇ ಹೇಳಬೇಕು. ತಿರುಗುವ ಕತ್ತಿಯುಳ್ಳ ಯಂತ್ರವು ಬಂದಂದು ಈ ಸಂಬಂಧವು ತಲೆಕೆಳಗಾಯಿತು. ಕತ್ತಿಯು ನಿಂತಲ್ಲಿಯೇ ಸುತ್ತತೊಡಗಿತು. ಮರವನ್ನು ಅದರ ಬಾಯಿಗೆ ಊಡುವ ಹೊಣೆ ಕೈಯ ಪಾಲಿಗೆ ಬಂದಿತು. ಈ ಹೊಣೆಯಿಂದ ಕೈಯನ್ನು ಬಿಡಿಸುವ ಪ್ರಯತ್ನಕ್ಕೆ ದೀರ್ಘವಾದ ಇತಿಹಾಸವುಂಟು. ಮನೆಯ ಕಾರ್ಯಶಾಲೆಯಲ್ಲಿ ಮರದ ಅಂಚಿಗೆ ರೂಪ ಕೊಡುವ ಶೇಪರ್ ಎಂಬ ಯಂತ್ರಕ್ಕೆ ಹವ್ಯಾಸಿಯು ಜೋಡಿಸಿಕೊಳ್ಳುವ, ಮರವನ್ನು ತಾನೇ ಊಡುವ ಪವರ್ ಫೀಡರು ಆ ಪರಂಪರೆಯ ಕಿರಿಯ ಸಂತಾನ.

ದಾರ್ಶನಿಕ ಜೆರೆಮಿ ಬೆಂಥಮನ ತಮ್ಮನಾದ ಸ್ಯಾಮ್ಯುಯೆಲ್ ಬೆಂಥಮನು 1793ರಲ್ಲಿ ಇಂಗ್ಲೆಂಡಿನಲ್ಲಿ ಪಡೆದ ಪೇಟೆಂಟಿನಲ್ಲಿ ಮರಗೆಲಸದ ಯಂತ್ರಗಳ ಬಹುಪಾಲು ತತ್ತ್ವಗಳು ಅಡಕವಾಗಿದ್ದವು. ಅಣ್ಣನು ಕಲ್ಪಿಸಿದ ಸೆರೆಮನೆಯಲ್ಲಿ ಕುಶಲತೆಯಿಲ್ಲದ ಬಂದಿಗಳಿಂದಲೂ ಕೆಲಸ ತೆಗೆಯಬೇಕೆಂಬುದೇ ಅವನ ಪ್ರೇರಣೆಯಾಗಿದ್ದಿತು. ಮುಂದೆ ಪೋರ್ಟ್ಸ್‌ಮತ್ತಿನ ನೌಕಾಂಗಣದಲ್ಲಿ ಮಾರ್ಕ್ ಬ್ರುನೆಲ್ ಯೋಜಿಸಿ ಹೆನ್ರಿ ಮಾಡ್ಸ್ಲೆ ನಿರ್ಮಿಸಿದ ಯಂತ್ರಗಳು 1808ರ ವೇಳೆಗೆ ಹಡಗಿನ ಹಗ್ಗಗಳಿಗೆ ಬೇಕಾದ ಮರದ ರಾಟೆಗಳನ್ನು ವರ್ಷಕ್ಕೆ 1,30,000ದಂತೆ ತಯಾರಿಸಿ, 110 ಕುಶಲರ ಕೆಲಸವನ್ನು ಹತ್ತೇ ಜನರ ವಶಕ್ಕೆ ಒಪ್ಪಿಸಿದುವು.

ಊಡುವ ಕಾರ್ಯದ ಬೆಲೆ ಎಷ್ಟೆಂಬುದನ್ನು ಲೋಕಕ್ಕೆ ತೋರಿಸಿದವನಾದರೋ ನ್ಯೂಯಾರ್ಕ್ ಪ್ರಾಂತದ ವಿಲಿಯಂ ವುಡ್‌ವರ್ತ್. 1828ರ ಡಿಸೆಂಬರಿನಲ್ಲಿ ಅವನು ಪೇಟೆಂಟು ಪಡೆದ ಹಲಗೆ ಕೀಸುವ ಯಂತ್ರದ ಮರ್ಮವು ಕತ್ತಿಯೊಂದರಲ್ಲಿಯೇ ಇರದೆ, ತಿರುಗುವ ಕತ್ತಿಯೊಡನೆ ಹಲಗೆಯನ್ನು ಅದುಮಿ ಹಿಡಿಯುವ ಉರುಳೆಗಳನ್ನು ಕೂಡಿಸಿದುದರಲ್ಲಿ ಇದ್ದಿತು. ಹದಿನಾಲ್ಕು ವರ್ಷಗಳಿಗೆಂದು ದೊರೆತ ಆ ಹಕ್ಕು ಎರಡು ಸಲ ವಿಸ್ತರಣೆ ಹೊಂದಿ 1856ರವರೆಗೆ ಬಾಳಿತು. ಅದನ್ನು ಕೊಂಡವರು ನಾಡಿನ ಕಾರ್ಖಾನೆಗಳಿಂದ ರಾಜಧನವನ್ನು ಸಂಗ್ರಹಿಸಿದರು. ವ್ಯಾಜ್ಯಗಳು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದುವು. ಇಷ್ಟೆಲ್ಲ ಕಾದಾಟವು ನಡೆದುದು ವೇಗಕ್ಕಾಗಿ, ಲಾಭಕ್ಕಾಗಿ. ಉರುಳೆಗಳಿಂದ ಕೆಲಸಗಾರನ ಬೆರಳು ಉಳಿದುದು ಆನುಷಂಗಿಕ ಫಲ.

ಶೇಪರಿನ ಪಾಡು ಬೇರೆಯಾಯಿತು. ಮೇಜಿನ ನಡುವೆ ನೆಟ್ಟಗೆ ಮೇಲೆದ್ದ ಕದಿರಿಗೆ ಕತ್ತಿಯನ್ನು ತೊಡಿಸಿರುವ ಈ ಯಂತ್ರವು ಕುರ್ಚಿಯ ಬೆನ್ನು, ದುಂಡುಮೇಜಿನ ಅಂಚು, ಕಮಾನಿನ ಕಿಟಕಿ ಮೊದಲಾದ ವಕ್ರರೂಪಗಳಿಗೆ ಹೇಳಿಮಾಡಿಸಿದುದು. ನೇರವಾದ ಹಲಗೆಗೆ ಒಗ್ಗಿದ ಉರುಳೆಯು ವಕ್ರರೇಖೆಯನ್ನು ಅನುಸರಿಸಲಾರದಾದುದರಿಂದ ಇಲ್ಲಿ ಕೈಯೇ ಉಳಿಯಿತು. ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗುವ ಕತ್ತಿಗೆ ಮರದ ಗಂಟೊಂದು ಸಿಕ್ಕಿ, ತುಂಡು ಹಿಮ್ಮುಖವಾಗಿ ಚಿಮ್ಮಿದರೆ, ಅದನ್ನು ಒತ್ತಿ ಹಿಡಿದಿದ್ದ ಅಂಗೈಯು ತನ್ನ ಒತ್ತಡದಿಂದಲೇ ಕತ್ತಿಯತ್ತ ಜಾರುವುದು.

ಲಾಭವು ಮಾಡದ ಕೆಲಸವನ್ನು ಇಲ್ಲಿ ಶಾಸನವು ಮಾಡಬೇಕಾಯಿತು. 1922ರಲ್ಲಿ ಬ್ರಿಟನ್ನಿನ ಮರಗೆಲಸ ಯಂತ್ರಗಳ ನಿಯಮಗಳು, ಯಾಂತ್ರಿಕವಾಗಿ ಮರವನ್ನೂಡದ ಕೀಸುಯಂತ್ರಕ್ಕೆ ದುಂಡನೆಯ ಕತ್ತಿದಿಮ್ಮಿಯೇ ಇರತಕ್ಕದ್ದೆಂದೂ, ನೆಟ್ಟಗಿನ ಕದಿರಿನ ಯಂತ್ರಕ್ಕೆ ಕಾಪು ಅಸಾಧ್ಯವಾದೆಡೆ ಸಾಧ್ಯವಾದ ಮಟ್ಟಿಗೆ ಮರವನ್ನು ಹಿಡಿಕೆಯ ಚೌಕಟ್ಟಿನಲ್ಲಿ ಬಿಗಿಯಬೇಕೆಂದೂ ವಿಧಿಸಿದುವು. ಭಾರತದಲ್ಲಿ 1948ರ ಕಾರ್ಖಾನೆಗಳ ಅಧಿನಿಯಮದ ಮೇರೆಗೆ ರಾಜ್ಯಗಳು ರಚಿಸಿದ ನಿಯಮಾವಳಿಗಳಲ್ಲಿಯೂ ಇದೇ ವಿಧಿಗಳ ಛಾಯೆಯನ್ನು ಕಾಣಬಹುದು.

ಇಷ್ಟರಲ್ಲಿ ಯಂತ್ರವು ಮನೆಯನ್ನು ಹೊಕ್ಕಿದ್ದಿತು. ಅಮೆರಿಕದ ಮಿಲ್ವಾಕಿಯ ಡೆಲ್ಟಾ ಸಂಸ್ಥೆಯು 1930ರ ದಶಕದಲ್ಲಿ ಹವ್ಯಾಸಿಗಳಿಗಾಗಿ ಮಾರಿದ ಸಣ್ಣ ಯಂತ್ರಗಳಲ್ಲಿ ಶೇಪರೂ ಒಂದು. ಇಂಥ ಶೇಪರಿಗೆ ಜೋಡಿಸುವ ಫೀಡರಿನ ರಚನೆ ಸರಳವಾದುದು. ಕಂಬವೊಂದಕ್ಕೆ ತೋಳು, ತೋಳಿನ ತುದಿಗೆ ಮೋಟಾರು ಮತ್ತು ಹಲ್ಲುಗಾಲಿಗಳ ಪೆಟ್ಟಿಗೆ, ಅದರಡಿಯಲ್ಲಿ ಮೂರೋ ನಾಲ್ಕೋ ರಬ್ಬರ್ ಗಾಲಿಗಳು. ಗಾಲಿಗಳನ್ನು ಮರದ ದಪ್ಪಕ್ಕಿಂತ ಎರಡು ಮೂರು ಮಿಲಿಮೀಟರು ತಗ್ಗಿಸಿ, ಮರವು ಆತು ಸಾಗುವ ಬೇಲಿಪಟ್ಟಿಯ ಕಡೆಗೆ ಕಿಂಚಿತ್ ಓರೆಯಾಗಿಸಿ ನಿಲ್ಲಿಸಿದರೆ, ಮರವು ಏಕಕಾಲಕ್ಕೆ ಮೇಜಿಗೂ ಬೇಲಿಪಟ್ಟಿಗೂ ಒತ್ತಿಕೊಂಡು ಕತ್ತಿಯ ಸುತ್ತಿಗೆ ಎದುರಾಗಿ ಸಮವೇಗದಲ್ಲಿ ಸಾಗುವುದು. ಕೈಯ ತಡವರಿಕೆಯಿಂದ ಮೂಡುವ ಸುಟ್ಟ ಕಲೆಗಳೂ ಕಡಮೆಯಾಗುವುವು. ಆದರೆ ಭಾರವಾದ ಈ ಉಪಕರಣಕ್ಕೆ ಮೇಜಿನಲ್ಲಿ ತೂತು ಕೊರೆದು ತಿರುಪಿನ ಎಳೆ ಕಡಿಯಬೇಕು. ಮೇಜು ತೆಳುವಾದರೆ ಬಾಗೀತು, ಕಾಲುಗಳು ಹಗುರವಾದರೆ ಯಂತ್ರವೇ ವಾಲೀತು. ವಕ್ರವಾದ ತುಂಡುಗಳಿಗೆ ಇಂದಿಗೂ ಬಹುಮಟ್ಟಿಗೆ ಕೈಯೇ ಗತಿ.

ವುಡ್‌ವರ್ತನ ಉರುಳೆಗೆ ಲಾಭವು ಬೆನ್ನಾಗಿದ್ದಿತು, ಕಾರ್ಖಾನೆಯ ಕಾಪಿಗೆ ಶಾಸನವು ಬೆನ್ನಾಗಿದ್ದಿತು. ಮನೆಯ ಕೊಟ್ಟಿಗೆಯಲ್ಲಿ ಒಬ್ಬನೇ ದುಡಿಯುವವನಿಗೆ ಇವೆರಡರ ಒತ್ತಾಯವೂ ಇಲ್ಲ. 1948ರ ಅಧಿನಿಯಮವು ಗಣಿಸಿದುದಾದರೂ ಶಕ್ತಿಚಾಲಿತ ಯಂತ್ರಗಳಿದ್ದು ಹತ್ತು ಮಂದಿಯಾದರೂ ದುಡಿಯುವ ಆವರಣವನ್ನೇ. ವರ್ಷದಲ್ಲಿ ಕೆಲವೇ ಬಾಗಿಲುಗಳ ಅಂಚು ತೆಗೆಯುವ ಹವ್ಯಾಸಿಯು ಶೇಪರಿನಷ್ಟೇ ಬೆಲೆಯ ಫೀಡರನ್ನು ಕೊಳ್ಳುವುದು ಲೆಕ್ಕದ ದೃಷ್ಟಿಯಿಂದ ಅವಿವೇಕವೆನಿಸಬಹುದು; ಆದರೂ ಕೊಳ್ಳುವವನು, ಲಾಭವಾಗಲಿ ಶಾಸನವಾಗಲಿ ತನ್ನ ಪರವಾಗಿ ನಿರ್ಣಯಿಸದ ವಿಷಯವನ್ನು ತಾನೇ ನಿರ್ಣಯಿಸಿಕೊಂಡವನು.