ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಬೆಂಗಳೂರು

ಭಾರತದ ಕ್ಷಯರೋಗ ನಿಯಂತ್ರಣಕ್ಕೆ ಸಂಶೋಧನೆಯ ತಳಹದಿ ಹಾಕಿಕೊಟ್ಟ ಕೇಂದ್ರ ಸರ್ಕಾರಿ ಸಂಸ್ಥೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನೊಂದಿಗೆ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಸ್ಥಾಪನೆಯಾಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು.

ಹಿನ್ನೆಲೆ: ಅಂದು ಕ್ಷಯಕ್ಕೆ ಚಿಕಿತ್ಸೆಯೆಂದರೆ ಸ್ಯಾನಟೋರಿಯಂ ವಾಸ. ಲಕ್ಷಾಂತರ ರೋಗಿಗಳಿದ್ದ ಬಡ ದೇಶದಲ್ಲಿ ಅಷ್ಟು ಹಾಸಿಗೆ ಒದಗಿಸುವುದು ಅಸಾಧ್ಯವಾಗಿತ್ತು. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಅಧ್ಯಯನವು ಐಸೋನಿಯಜಿಡ್ ಮತ್ತು ಪಿ.ಎ.ಎಸ್. ಔಷಧಿಗಳನ್ನು ಮನೆಯಲ್ಲೇ ಸೇವಿಸಿದವರೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಗುಣಮುಖರಾಗುತ್ತಾರೆ, ಇದರಿಂದ ಮನೆಮಂದಿಗೆ ಹೆಚ್ಚಿನ ಅಪಾಯವಿಲ್ಲ ಎಂದು ತೋರಿಸಿತು.

ಸಂಶೋಧನೆ: ಆ ಚಿಕಿತ್ಸೆಯನ್ನು ಹಳ್ಳಿಗಳಿಗೆ ತಲುಪಿಸುವ ಬಗೆಯನ್ನು ಬೆಂಗಳೂರಿನ ತಂಡ ಹುಡುಕಿತು. ತುಮಕೂರು ಜಿಲ್ಲೆಯಲ್ಲಿ ಈ ತಂಡದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿದ ಸಮಾಜಶಾಸ್ತ್ರೀಯ ಅಧ್ಯಯನ (1963ರಲ್ಲಿ ಪ್ರಕಟ) ಮಹತ್ವದ್ದು. ಹಳ್ಳಿಯ ಜನ ಅಜ್ಞಾನದಿಂದ ರೋಗವನ್ನು ಕಡೆಗಣಿಸುತ್ತಾರೆಂಬ ನಂಬಿಕೆಯನ್ನು ಅದು ಅಲ್ಲಗಳೆಯಿತು. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಕೊರತೆಯಿದ್ದದ್ದು ರೋಗಿಗಳಲ್ಲಲ್ಲ, ಅವರ ರೋಗವನ್ನು ಗುರುತಿಸದ ಆರೋಗ್ಯ ವ್ಯವಸ್ಥೆಯಲ್ಲಿ.

ಪರಿಣಾಮ: ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಕಫ ಪರೀಕ್ಷೆ ನಡೆಸಿ ಮನೆಗೆ ಔಷಧಿ ಕೊಡುವ ಜಿಲ್ಲಾ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡು, 1962ರಿಂದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಇಲ್ಲಿ ಸಲಹೆಗಾರರಾಗಿದ್ದ ಡೆನ್ಮಾರ್ಕಿನ ಹಾಲ್ಫ್‌ಡನ್ ಮಾಹ್ಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿ (1973–1988) ಪ್ರಾಥಮಿಕ ಆರೋಗ್ಯ ಸೇವೆಯ ಪ್ರಬಲ ಪ್ರತಿಪಾದಕರಾದರು. ಔಷಧಿ ಕಂಡುಹಿಡಿದರಷ್ಟೇ ಸಾಲದು, ಅದು ಬಡವರ ಕೈಸೇರುವ ದಾರಿಯೂ ವಿಜ್ಞಾನದ ವಿಷಯವೇ ಎಂಬುದನ್ನು ಸ್ಥಾಪಿಸಿದ್ದು ಈ ಸಂಸ್ಥೆಯ ಹಿರಿಮೆ.