ವೃದ್ಧಾಪ್ಯಶಾಸ್ತ್ರ: ನಿವೃತ್ತಿಯನ್ನು ಅರಿಯುವ ವಿದ್ಯೆ

ನಿವೃತ್ತಿ ಸಮೀಪಿಸಿದಂತೆ ಬ್ಯಾಂಕ್ ನೌಕರರಾದ ನಾವು ಭವಿಷ್ಯನಿಧಿ, ಗ್ರಾಚ್ಯುಟಿ, ಪಿಂಚಣಿಗಳ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತೇವೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡುವುದೆಂಬ ಪ್ರಶ್ನೆ ಆ ಲೆಕ್ಕದಲ್ಲಿ ಸೇರುವುದಿಲ್ಲ. ಅದನ್ನೂ ಶಿಸ್ತಿನಿಂದ ಅಭ್ಯಸಿಸುವ ವಿದ್ಯೆಯೇ ಜೆರೊಂಟಾಲಜಿ, ಅರ್ಥಾತ್ ವೃದ್ಧಾಪ್ಯಶಾಸ್ತ್ರ.

ರಷ್ಯಾ ಮೂಲದ ವಿಜ್ಞಾನಿ ಎಲಿ ಮೆಚ್ನಿಕಾಫ್ 1903ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ವೃದ್ಧರ ರೋಗಗಳ ಚಿಕಿತ್ಸೆ ಜೆರಿಯಾಟ್ರಿಕ್ಸ್‌ಗೆ ಸೇರಿದ್ದು. ಜೆರೊಂಟಾಲಜಿಯ ವ್ಯಾಪ್ತಿ ಅದಕ್ಕಿಂತ ಹಿರಿದು. ದೇಹ, ಮನಸ್ಸು, ಕುಟುಂಬ, ಹಣಕಾಸು, ಸರಕಾರದ ನೀತಿ ಎಲ್ಲವೂ ಅದರೊಳಗೆ ಬರುತ್ತವೆ. ಇದಕ್ಕಾಗಿಯೇ ಮೀಸಲಾದ ಶಾಲೆಯೊಂದು 1975ರಲ್ಲಿ ಲಾಸ್ ಏಂಜಲೀಸ್‌ನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು 1996ರಲ್ಲಿ ವೃದ್ಧಾಪ್ಯ ವೈದ್ಯಕೀಯದ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿತು. ಮುಂಬಯಿಯ ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು 2017-18ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, 45 ವರ್ಷ ದಾಟಿದವರೂ ಅವರ ಪತಿ-ಪತ್ನಿಯರೂ ಸೇರಿ 72,000ಕ್ಕೂ ಹೆಚ್ಚು ಮಂದಿಯ ಆರೋಗ್ಯ, ದುಡಿಮೆ, ಸಂಸಾರಗಳ ವಿವರ ಸಂಗ್ರಹಿಸಲಾಯಿತು.

ವಯಸ್ಸಾದಂತೆ ಮನುಷ್ಯ ಸಮಾಜದಿಂದ ಹಿಂದೆ ಸರಿಯುವುದು ಸಹಜವೆಂದು 1961ರಲ್ಲಿ ಎಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ ವಾದಿಸಿದರು. ಅದನ್ನು ಅನೇಕರು ಒಪ್ಪಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ 1976ರಲ್ಲಿ ನಿವೃತ್ತಿಯ ಹಂತಗಳನ್ನು ವಿವರಿಸಿದರು: ಮೊದಲು ಬಿಡುವಿನ ಸಂಭ್ರಮ, ಬಳಿಕ ಬೇಸರ, ಆಮೇಲೆ ಬದುಕಿನ ಮರುಹೊಂದಾಣಿಕೆ, ಕೊನೆಗೆ ಸ್ಥಿರತೆ. ಎಲ್ಲರೂ ಇದೇ ಕ್ರಮದಲ್ಲಿ ಸಾಗಬೇಕೆಂಬ ನಿಯಮವಿಲ್ಲ. ಹಳೆಯ ಅಭ್ಯಾಸ, ಆಸಕ್ತಿ, ಸಂಬಂಧಗಳನ್ನು ಮುಂದುವರಿಸಿಕೊಂಡು ಹೋಗುವ ಮೂಲಕವೇ ಹೆಚ್ಚಿನವರು ಬದಲಾವಣೆಗೆ ಹೊಂದಿಕೊಳ್ಳುತ್ತಾರೆ ಎಂಬುದು 1989ರಲ್ಲಿ ಅವರು ಮಂಡಿಸಿದ ನಿರಂತರತೆಯ ಸಿದ್ಧಾಂತದ ಸಾರ.

ಹೊರನಾಡ ಕನ್ನಡಿಗರಾದ ನಮಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ನಿವೃತ್ತರಾದೊಡನೆ ಊರಿಗೆ ಮರಳಬೇಕೆಂಬ ಆಸೆ ನಮ್ಮಲ್ಲಿ ಹಲವರಿಗಿದೆ. ಆದರೆ ಮೂವತ್ತು ವರ್ಷಗಳ ನೆರೆಹೊರೆ, ಪರಿಚಿತ ವೈದ್ಯರು, ಸಂಘದ ಒಡನಾಟ ಇರುವುದು ಇಲ್ಲಿ. ಊರಿನ ಮನೆ ಹಾಗೆಯೇ ಇರಬಹುದು. ಅಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವವರು ಎಷ್ಟು ಮಂದಿ ಉಳಿದಿದ್ದಾರೆ? ಈ ಪ್ರಶ್ನೆಯನ್ನು ದಂಪತಿಗಳಿಬ್ಬರೂ ಕುಳಿತು ನಿವೃತ್ತಿಗೆ ಮೊದಲೇ ವಿಚಾರಿಸುವುದು ಒಳಿತು. ಹಿಂತಿರುಗುವುದೇ ನಿಶ್ಚಯವಾದರೆ, ರಜೆಯಲ್ಲಿ ಆಗಾಗ ಹೋಗಿ ಅಲ್ಲಿನ ಬಾಂಧವ್ಯವನ್ನು ಈಗಿನಿಂದಲೇ ಹೊಸದಾಗಿಸಿಕೊಳ್ಳಬೇಕು.